ಬಂದರಿನಿಂದ ಬಂದ ದುಲ್ಹನ್‌ಗೆ ನಮ್ಮ ನಾಲ್ಕು ಊರು

ನಮ್ಮ ಕೊನೆಯ ತಮ್ಮನ ಹೆಂಡತಿ ಮಂಗಳೂರಿನ ಬಂದರಿನ ಹುಡುಗಿ. 2024ರ ಸೆಪ್ಟೆಂಬರಿನಲ್ಲಿ ನಿಕಾಹ್ ಆಗಿ ಹಾಸನಕ್ಕೆ ಬಂದಳು. ನಮ್ಮ ಕಡೆಯ ಮನೆಗಳಲ್ಲಿ ತಮ್ಮನ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ‘ದುಲ್ಹನ್’ ಎನ್ನುತ್ತೇವೆ. ಅವಳಿಗೆ ಮೊಮ್ಮಕ್ಕಳಾದ ಮೇಲೂ ನಮ್ಮ ಪಾಲಿಗೆ ದುಲ್ಹನ್ ದುಲ್ಹನ್ನೇ. ಬ್ಯಾರಿಗಳಿಗೂ ದಖನಿಯವರಿಗೂ ನಂಟು ಬೆಳೆಯುವುದು ಈಗಲೂ ಅಪರೂಪ. ಅವಳ ತವರಿನಲ್ಲಿ ಬ್ಯಾರಿ ಮಾತು, ನಮ್ಮಲ್ಲಿ ಉರ್ದು. ಅಮ್ಮಿಗೆ ಬ್ಯಾರಿ ಒಂದಕ್ಷರ ತಿಳಿಯದು, ಅವಳಿಗೆ ದಖನಿ ತಿಳಿಯದು. ಹೀಗಾಗಿ ಅತ್ತೆ ಸೊಸೆ ಇಬ್ಬರೂ ಮಾತಾಡಿಕೊಳ್ಳುವುದು ಕನ್ನಡದಲ್ಲಿ. ಜಗಳವೂ ಕನ್ನಡದಲ್ಲೇ.

ಹೊಸ ಸೊಸೆಯನ್ನು ನೋಡಲು ಅರಕಲಗೂಡಿನಿಂದ ನಮ್ಮ ದೊಡ್ಡ ಖಾಲಾ ಬಂದರು. ಎಂಬತ್ತು ದಾಟಿದವರು, ಕಿವಿ ಸ್ವಲ್ಪ ಮಂದ. ‘ಹುಡುಗಿ ಎಲ್ಲಿಯವಳು?’ ಎಂದು ಕೇಳಿದಾಗ ನಮ್ಮ ಮಗ ‘ಬಂದರ್‌ನವಳು’ ಎಂದು ಕೂಗಿ ಹೇಳಿದ. ಉರ್ದುವಿನಲ್ಲಿ ಬಂದರ್ ಎಂದರೆ ಕೋತಿ. ಖಾಲಾ ದುಲ್ಹನ್‌ಳ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿ, ‘ಹಾಗೇನೂ ಕಾಣೋದಿಲ್ಲವಲ್ಲ, ಚೆನ್ನಾಗೇ ಇದ್ದಾಳೆ’ ಎಂದರು. ಆ ದಿನದಿಂದ ಮನೆಯ ಮಕ್ಕಳಿಗೆ ಅವಳು ‘ಬಂದರ್ ಚಾಚಿ’.

ಒಂದು ದಿನ ಟೆರೇಸಿನ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು ನಾಲ್ಕೂ ದಿಕ್ಕು ನೋಡಿ ಕೇಳಿದಳು: ‘ಆಪಾ, ನಿಮ್ಮ ಊರಲ್ಲಿ ನೀರು ಎಲ್ಲಿ ಉಂಟು?’

ನಾವು ನಲ್ಲಿ ಬರುವ ದಿನಗಳನ್ನು ಹೇಳತೊಡಗಿದೆವು.

‘ಅದಲ್ಲ ಮಾರಾಯ್ರೆ. ಸುಮ್ಮನೆ ನೋಡುವ ನೀರು.’

ಅವಳಜ್ಜ ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಸಾಮಾನು ಹೇರಿಸುತ್ತಿದ್ದವರು. ಅವಳು ಬೆಳೆದದ್ದು ಧಕ್ಕೆಯ ಮೀನಿನ ವಾಸನೆ, ದೋಣಿ ಎಂಜಿನಿನ ಸದ್ದಿನ ನಡುವೆ. ಅಂಥವಳಿಗೆ ನೀರು ಕಾಣದ ಊರು ಎಂದರೆ ಕಿಟಕಿಯಿಲ್ಲದ ಮನೆ. ‘ನಮ್ಮಲ್ಲೂ ಇದೆ. ಆದರೆ ಹುಡುಕಬೇಕು. ಬಾ, ತೋರಿಸುತ್ತೇವೆ’ ಎಂದೆವು. ‘ಯಾರೆಲ್ಲ ಬರ್ತೀರಿ?’ ಎಂದಳು. ನಾವೊಬ್ಬರೇ ಎಂದಾಗ ನಕ್ಕುಬಿಟ್ಟಳು. ಉರ್ದು ಶಾಲೆಯಲ್ಲಿ ‘ಹಮ್’ ಎಂದು ಕಲಿತ ನಾಲಿಗೆ ನಮ್ಮದು. ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮಕ್ಕೆ ಬಂದ ಮೇಲೂ ‘ನಾನು’ ಎನ್ನುವುದು ಸಲೀಸಾಗಲಿಲ್ಲ. ಕಥೆ ಬರೆಯುವಾಗ ಮಾತ್ರ ಹೇಗೋ ನಿಭಾಯಿಸುತ್ತೇವೆ.

ಹಾಸನಕ್ಕೆ ಬರುವವರು ಹಾಸನವನ್ನು ನೋಡಲು ಬರುವುದಿಲ್ಲ. ಬಸ್ಸು ಬದಲಾಯಿಸಲು ಬರುತ್ತಾರೆ. ಬೇಲೂರು, ಹಳೇಬೀಡು ನೋಡಿ, ಶ್ರವಣಬೆಳಗೊಳದ ಬೆಟ್ಟ ಹತ್ತಿ, ರಾತ್ರಿ ಬಸ್ಸಿಗೆ ಹೊರಟುಬಿಡುತ್ತಾರೆ. 2023ರಲ್ಲಿ ಹೊಯ್ಸಳ ದೇಗುಲಗಳಿಗೆ ಯುನೆಸ್ಕೊ ಮನ್ನಣೆ ಸಿಕ್ಕ ಮೇಲಂತೂ ಈ ಓಟ ಹೆಚ್ಚಾಗಿದೆ. ಆ ಶಿಲ್ಪಗಳನ್ನು ನೋಡಬೇಡಿ ಎನ್ನುವಷ್ಟು ಅರಸಿಕರು ನಾವಲ್ಲ. ಆದರೆ ವರ್ಗವಾಗಿ ಬರುವ ಮೇಷ್ಟ್ರು, ಬ್ಯಾಂಕಿನವರು, ಕಾಲೇಜು ಮಕ್ಕಳು, ಮದುವೆಯಾಗಿ ಬರುವ ಹೆಣ್ಣುಮಕ್ಕಳು ಇಲ್ಲಿ ಬದುಕಬೇಕಾದವರು. ಅವರಿಗೆ ಊರನ್ನು ಯಾರು ತೋರಿಸುತ್ತಾರೆ? ನಾವಂತೂ ನೀರಿನಿಂದ ಶುರುಮಾಡುತ್ತೇವೆ. ಈ ಬಯಲುಸೀಮೆಯ ಅಂಚಿನಲ್ಲಿ ನೀರು ನಿಲ್ಲುವ ಜಾಗ ನೋಡಿಯೇ ಊರು ಕಟ್ಟಿದ್ದಾರೆ. ಕಡಲಿನವರಿಗೆ ಬಂದರು ಹೇಗೋ ನಮಗೆ ಕೆರೆಯ ಏರಿ, ಹೊಳೆಯ ಕಡವು ಹಾಗೆ. ಊರಿಗೆ ಸುದ್ದಿ ಬರುತ್ತಿದ್ದದ್ದು, ಊರಿನಿಂದ ಹೆಣ್ಣು ಹೊರಡುತ್ತಿದ್ದದ್ದು ಅಲ್ಲಿಂದಲೇ.

ಹಾಸನದಲ್ಲಿ ಮೊದಲು ತೋರಿಸಬೇಕಾದದ್ದು ಇಲ್ಲದ ನೀರು. ದುಲ್ಹನ್‌ಳನ್ನು ಕಟ್ಟಿನಕೆರೆಗೆ ಕರೆದುಕೊಂಡು ಹೋದೆವು. ಸೊಪ್ಪು, ಬೀನ್ಸು, ಆಲೂಗಡ್ಡೆ ರಾಶಿ. ‘ಕೆರೆ ಎಲ್ಲಿ?’ ಎಂದಳು. ‘ನೀನು ನಿಂತಿದ್ದೀಯಲ್ಲ’ ಎಂದೆವು. ಇವತ್ತಿನವರಿಗೆ ಕಟ್ಟಿನಕೆರೆ ಎಂದರೆ ಮಾರುಕಟ್ಟೆ. ಆಮೇಲೆ ಹೊಸ ಬಸ್ ನಿಲ್ದಾಣ. ಹಳಬರು ಆ ಕಡೆಗೆ ಈಗಲೂ ಚನ್ನಪಟ್ಟಣ ಕೆರೆ ಎನ್ನುತ್ತಾರೆ. ಹಾಸನಕ್ಕಿಂತ ಹಳೆಯ ಊರು ಅದು, ಚನ್ನಪಟ್ಟಣ. ಊರು ಹೋಯಿತು, ಕೆರೆಗೆ ಅದರ ಹೆಸರು ಉಳಿಯಿತು. ಈಗ ಕೆರೆಯೂ ಬಹುಪಾಲು ಹೋಗಿ ಹೆಸರೊಂದೇ ಇದೆ. ದೇವಿಗೆರೆಯಲ್ಲಿ ಇನ್ನೂ ನೀರಿದೆ, ಗಣಪತಿ ಬಿಡುವ ದಿನಗಳಲ್ಲಿ ಅಲ್ಲಿ ಜಾತ್ರೆಯೇ ನೆರೆಯುತ್ತದೆ. ಹುಣಸಿನಕೆರೆ ಇದೆ, ಅದರ ಸುತ್ತ ನಮ್ಮವರ ಮನೆಗಳೂ ಬಹಳ ಇವೆ. ಸಂಜೆ ಅಲ್ಲಿ ನಿಂತರೆ ಬೆಳ್ಳಕ್ಕಿಗಳು ಇಳಿಯುವುದು ಕಾಣುತ್ತದೆ. ಜೊತೆಗೆ ಪ್ಲಾಸ್ಟಿಕ್ಕೂ ಕಾಣುತ್ತದೆ.

ಕೆರೆ ಎಂದರೆ ಒಂದು ಹೊಂಡ ಎಂದುಕೊಂಡಿದ್ದಳು ಕಡಲಿನ ಹುಡುಗಿ. ಅದರ ಲೆಕ್ಕಾಚಾರವನ್ನು ಹೇಳಿಕೊಟ್ಟೆವು. ಇಳಿಜಾರಿಗೆ ಅಡ್ಡವಾಗಿ ಮಣ್ಣಿನ ಏರಿ. ಏರಿಯ ಬುಡದಲ್ಲಿ ತೂಬು, ಅದನ್ನು ಎತ್ತಿದರೆ ಕೆಳಗಿನ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು. ಯಾರಿಗೆ ಯಾವ ದಿನ ಎಷ್ಟು ಹೊತ್ತು ಎಂದು ನೋಡಿಕೊಳ್ಳಲು ಒಬ್ಬ ನೀರುಗಂಟಿ. ಕೆರೆ ತುಂಬಿ ಹೆಚ್ಚಾದ ನೀರು ಕೋಡಿಯಲ್ಲಿ ಹರಿದು ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುತ್ತದೆ. ಅದು ತುಂಬಿದರೆ ಅದರ ಮುಂದಿನದಕ್ಕೆ. ಹೀಗೆ ಒಂದರ ಎಂಜಲು ಇನ್ನೊಂದಕ್ಕೆ ಊಟ. ನಡುವಿನ ಒಂದನ್ನು ಮುಚ್ಚಿದರೆ ಕೆಳಗಿನದು ಒಣಗುತ್ತದೆ, ಮೇಲಿನ ನೀರು ದಾರಿ ತಪ್ಪುತ್ತದೆ.

ದಾರಿ ತಪ್ಪಿದ ನೀರು ಎಲ್ಲಿಗೆ ಬರುತ್ತದೆ ಎಂಬುದನ್ನು ಹೇಳುವ ಅಗತ್ಯ ಬೀಳಲಿಲ್ಲ. ಆ ಅಕ್ಟೋಬರಿನಲ್ಲಿ ಹಿಂಗಾರು ಜೋರಾಗಿ ಬಿತ್ತು. ತಮ್ಮ, ದುಲ್ಹನ್, ಅಮ್ಮಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ರಾತ್ರಿ ಹಿತ್ತಲ ಬಾಗಿಲಿನ ಕೆಳಗಿನಿಂದ ನೀರು ಒಳಗೆ ಬಂತು. ನಾವು ನಮ್ಮ ಮನೆಯವರು ಸೇರಿ ಸೈಟು ಕೊಂಡು ಹದಿನಾರು ವರ್ಷ. ಮಾರಿದವರು ಕಾಗದಪತ್ರವೆಲ್ಲ ಸರಿ ಇದೆ ಎಂದರು. ಸರಿಯಾಗಿಯೇ ಇತ್ತು. ಅಕ್ಕಪಕ್ಕದ ಮುದುಕರು ಮಾತ್ರ ‘ಇಲ್ಲಿ ನಾವು ಎಮ್ಮೆ ಮೈ ತೊಳೀತಿದ್ವಿ’ ಎಂದಿದ್ದರು. ಅದು ನಮಗೆ ಕೇಳಿಸಿತ್ತು. ಕೇಳಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊಹಲ್ಲಾದ ಓಣಿಯಲ್ಲಿ ಬಾಡಿಗೆ ಮನೆಯಲ್ಲಿ ಹದಿಮೂರು ಜನ ಇದ್ದೆವು, ಬೇರೆ ಬಡಾವಣೆಗಳಲ್ಲಿ ನಮ್ಮ ಹೆಸರು ಕೇಳಿದ ಮೇಲೆ ಮನೆ ಖಾಲಿ ಇಲ್ಲ ಎನ್ನುತ್ತಿದ್ದರು. ಈ ಸೈಟು ಕೈಗೆಟಕುವ ಬೆಲೆಗೆ ಸಿಕ್ಕಿತು. ಯಾಕೆ ಅಷ್ಟು ಅಗ್ಗ ಎಂದು ಕೇಳುವ ಧೈರ್ಯ ನಮಗಿರಲಿಲ್ಲ.

ಅಂದು ರಾತ್ರಿ ಮೊಣಕಾಲುದ್ದ ನೀರಿನಲ್ಲಿ ಅಕ್ಕಿ ಡಬ್ಬಿಯನ್ನು ಮಂಚದ ಮೇಲೆ ಎತ್ತಿಟ್ಟಳು ದುಲ್ಹನ್. ಎತ್ತಿಡುತ್ತಲೇ, ‘ಆಪಾ, ಹುಡುಕಬೇಕು ಅಂದ್ರಿ. ಅದೇ ನಿಮ್ಮನ್ನು ಹುಡುಕಿಕೊಂಡು ಬಂತಲ್ಲ’ ಎಂದಳು. ಎಲ್ಲರೂ ನಕ್ಕರು. ಅಮ್ಮಿ ನಗಲಿಲ್ಲ.

ಚಳಿಗಾಲದಲ್ಲಿ ನಮ್ಮ ತಿರುಗಾಟ ನಿಜವಾಗಿ ಶುರುವಾಯಿತು. ಹಾಸನ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಯಷ್ಟು ಎತ್ತರದಲ್ಲಿದೆ. ಡಿಸೆಂಬರಿನ ಬೆಳಗಿನಲ್ಲಿ ಕರಾವಳಿಯವರು ನಡುಗುತ್ತಾರೆ. ಹೊಸಬರು ಒಂದು ಶಾಲು ತರುವುದು ಒಳ್ಳೆಯದು. ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಸಾಕು. ಗಂಡಸರನ್ನು ಕೇಳಿಕೊಂಡು, ಅವರ ಜೇಬು ನೋಡಿಕೊಂಡು ಹೊರಡಬೇಕಾಗಿದ್ದ ನಮ್ಮಂಥವರು ಹೀಗೆ ಸುಮ್ಮನೆ ಒಂದು ಕೆರೆ ನೋಡಿಬರುವುದಕ್ಕೆಂದು ಹೊರಡುವ ಕಾಲ ಬರುತ್ತದೆ ಎಂದು ಯಾರು ತಿಳಿದಿದ್ದರು?

ಬೆಂಗಳೂರು ರಸ್ತೆಯಲ್ಲಿ ಸುಮಾರು ನಲವತ್ತು ಕಿಲೋಮೀಟರು ಹೋದರೆ ಚನ್ನರಾಯಪಟ್ಟಣ. 2017ರಿಂದ ಬೆಂಗಳೂರಿನ ರೈಲೂ ಈ ದಾರಿಯಲ್ಲಿದೆ. ಹೆದ್ದಾರಿಯಲ್ಲಿ ಹೋಗುವವರಿಗೆ ಇದು ಕಾಫಿ ಕುಡಿಯುವ ಜಾಗ, ಬೆಳಗೊಳಕ್ಕೆ ತಿರುಗುವ ಸರ್ಕಲ್ಲು, ಅಷ್ಟೇ. ಹಿಂದೆ ಈ ಊರಿಗೆ ಕೊಳತೂರು ಎಂಬ ಹೆಸರಿತ್ತಂತೆ. ಹೊಳೆನರಸೀಪುರದ ಪಾಳೆಯಗಾರ ತನ್ನ ಮಗ ಚನ್ನರಾಯನಿಗೆ ಇದನ್ನು ಕೊಟ್ಟು ಹೆಸರು ಬದಲಾಯಿತು ಎನ್ನುತ್ತಾರೆ. ಕೋಟೆಯನ್ನು ಆಮೇಲೆ ಹೈದರಾಲಿ ಬಲಪಡಿಸಿ ಸುತ್ತ ನೀರಿನ ಕಂದಕ ತೋಡಿಸಿದ.

ನೋಡಬೇಕಾದದ್ದು ಅಮಾನಿಕೆರೆ. ಏರಿಯ ಮೇಲೆ ನಿಂತಾಗ ದುಲ್ಹನ್ ಮೊದಲ ಸಲ ‘ಹಾ, ಇದು ನೀರು’ ಎಂದಳು. ಆಚೆ ದಡದ ತೆಂಗಿನ ಸಾಲು ಅವಳಿಗೆ ತವರನ್ನು ನೆನಪಿಸಿರಬೇಕು, ಬಹಳ ಹೊತ್ತು ಮಾತಾಡಲಿಲ್ಲ. ನಮಗೆ ಆ ಹೆಸರೇ ಇಷ್ಟ. ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತಿದ್ದುದಕ್ಕೆ ಹಳೆಯ ಕಂದಾಯದ ಭಾಷೆಯಲ್ಲಿ ಅಮಾನಿ ಎನ್ನುತ್ತಿದ್ದರು. ಅರಬ್ಬಿ ಮೂಲದ ಮಾತು, ನಮ್ಮ ‘ಅಮಾನತ್’ನ ನಂಟಿನದು. ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು, ಹಾಗೆಯೇ ಹಿಂತಿರುಗಿಸಬೇಕಾದದ್ದು. ಶಿರಸ್ತೇದಾರ, ದರಖಾಸ್ತು, ಖರಾಬು, ಜಮಾಬಂದಿ ಹೀಗೆ ಹಳ್ಳಿಯ ರೈತ ದಿನಾ ಆಡುವ ಎಷ್ಟೋ ಮಾತು ಆ ಕಡೆಯಿಂದ ಬಂದು ಕನ್ನಡವಾಗಿವೆ. ಅವನ್ನು ಯಾರೂ ಎಲ್ಲಿಂದ ಬಂದಿರಿ ಎಂದು ಕೇಳುವುದಿಲ್ಲ.

ಈ ತಾಲ್ಲೂಕಿನ ಬಾಗೂರಿನಿಂದ ನವಿಲೆಯವರೆಗೆ ನೆಲದಡಿ ಸುರಂಗ ಕೊರೆದು ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ದಿದ್ದಾರೆ. ಸುರಂಗ ಬಂದ ಮೇಲೆ ಬಾವಿಗಳು ಬತ್ತಿದವು ಎಂದು ಮೇಲಿನ ಹಳ್ಳಿಗಳವರು ಪರಿಹಾರಕ್ಕಾಗಿ ಹೋರಾಡುತ್ತ ಬಂದಿದ್ದಾರೆ. ತಮ್ಮ ಕಾಲಡಿ ಹರಿಯುವ ನೀರು ತಮಗಿಲ್ಲ ಎನ್ನುವ ಸಂಕಟ ಅದು. ನಮ್ಮ ಅಕ್ಕನ ಮನೆ ಈ ಊರಿನಲ್ಲೇ ಇದೆ. ಭಾಯಿಜಾನ್ ತೆಂಗಿನಕಾಯಿ ವ್ಯಾಪಾರಿ. ಊಟದ ನಡುವೆ ಅವರು ಸುರಂಗದ ಕಥೆ ಶುರುಮಾಡಿದರೆ ಸಾರು ತಣ್ಣಗಾಗುವುದು ಖಾತ್ರಿ.

ಇಲ್ಲಿಗೆ ಬಂದು ಎಸ್.ಎಲ್. ಭೈರಪ್ಪನವರ ಹೆಸರು ಎತ್ತದೆ ಹೋಗುವುದು ಸರಿಯಲ್ಲ. ಅವರು ಇದೇ ತಾಲ್ಲೂಕಿನ ಸಂತೇಶಿವರದವರು, 1931ರಲ್ಲಿ ಹುಟ್ಟಿ 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಹೈಸ್ಕೂಲಿನಲ್ಲಿ ‘ಗೃಹಭಂಗ’ ಓದಿ ನಾವು ಎರಡು ದಿನ ಅತ್ತಿದ್ದೆವು. ನಂಜಮ್ಮ ನಮ್ಮ ಓಣಿಯಲ್ಲೂ ಇದ್ದಳು, ಬೇರೆ ಹೆಸರಿನಲ್ಲಿ. 2007ರಲ್ಲಿ ‘ಆವರಣ’ ಬಂದಾಗ ಓದಿ ಮಡಚಿಟ್ಟು, ನಮ್ಮನ್ನು ಇವರು ಯಾವಾಗ ನೋಡಿದರು ಎಂದುಕೊಂಡೆವು. ಎರಡೂ ಪುಸ್ತಕ ನಮ್ಮ ಕಪಾಟಿನಲ್ಲಿವೆ. ಒಂದನ್ನು ಮತ್ತೆ ಮತ್ತೆ ತೆಗೆಯುತ್ತೇವೆ, ಇನ್ನೊಂದನ್ನು ಇಲ್ಲ.

ಮುಂದಿನ ಭಾನುವಾರ ಹೊಳೆನರಸೀಪುರ. ನಮ್ಮ ತವರು. ಹೊರಗಿನವರಿಗೆ ಇದು ದೇವೇಗೌಡರ ತಾಲ್ಲೂಕು. ಅವರ ಹರದನಹಳ್ಳಿ ಇಲ್ಲೇ ಇದೆ. 1996ರಲ್ಲಿ ಅವರು ಪ್ರಧಾನಿಯಾದ ದಿನ ನಮ್ಮ ಉರ್ದು ಶಾಲೆಯ ಮಕ್ಕಳಿಗೂ ಮಿಠಾಯಿ ಸಿಕ್ಕಿತ್ತು. ಆದರೆ ಊರಿನ ಹೆಸರಿನಲ್ಲಿ ಮೊದಲು ಬರುವುದು ಹೊಳೆ, ಆಮೇಲೆ ನರಸಿಂಹ. ಹಾಸನದಿಂದ ಮೈಸೂರಿನ ರೈಲು ಹಿಡಿದರೆ ಮಾವಿನಕೆರೆ ಕಳೆದು ಈ ಊರು. ರೈಲಿನಲ್ಲೇ ಬನ್ನಿ ಎನ್ನುತ್ತೇವೆ ನಾವು. ಬಸ್ಸಿನಲ್ಲಿ ಬಂದರೆ ಊರು ಸಿಗುತ್ತದೆ, ಹೊಳೆ ಸಿಗುವುದಿಲ್ಲ.

ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ, ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟೆಯಲ್ಲಿ ತಡೆದು ನಿಂತು, ಆಮೇಲೆ ನಮ್ಮೂರಿಗೆ ಬರುತ್ತದೆ. ಮುಂದೆ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ನಮ್ಮ ದಾದಿ ಹೇಳುತ್ತಿದ್ದ ಕಥೆಗಳಲ್ಲಿ ಹೊಳೆಗೆ ಒಂದು ಹರಿಗೋಲು ಇರುತ್ತಿತ್ತು. ಬಿದಿರಿನ ಬುಟ್ಟಿ, ಅದಕ್ಕೆ ಹೊರಗಡೆ ತೊಗಲಿನ ಹೊದಿಕೆ. ನೆಟ್ಟಗೆ ಹೋಗಲು ಅದಕ್ಕೆ ಗೊತ್ತಿಲ್ಲ, ತಿರುಗುತ್ತ ತಿರುಗುತ್ತ ಆಚೆ ದಡಕ್ಕೆ ಹೋಗಬೇಕು. ಅಂಬಿಗ ಕಡವಿನ ಮನೆಗಳಿಂದ ದಿನದಿನ ಕಾಸು ಕೇಳುತ್ತಿರಲಿಲ್ಲ. ಸುಗ್ಗಿಯಲ್ಲಿ ಮನೆಗಿಷ್ಟು ರಾಗಿ, ಭತ್ತ. ದಾದಿ ಮದುವೆಯಾಗಿ ಬಂದದ್ದು ಅದರಲ್ಲೇ. ಬುರ್ಖಾದೊಳಗೆ ತಲೆ ಸುತ್ತಿ ವಾಂತಿಯಾಗಿ, ಮೊದಲ ಸಲ ಅತ್ತೆ ಮನೆಗೆ ಕಾಲಿಟ್ಟದ್ದು ಒದ್ದೆ ಬಟ್ಟೆಯಲ್ಲಿ. ಅಂಬಿಗ ‘ತಾಯಿ, ಹೊಳೆಗೆ ಕೊಟ್ಟದ್ದು ಒಳ್ಳೇದಾಯ್ತು ಬಿಡಿ’ ಎಂದನಂತೆ. ಇದನ್ನು ಕೇಳಿದ ದುಲ್ಹನ್ ನಗುತ್ತ ನಗುತ್ತ ಸೋಪಾನದ ಮೇಲೆ ಕುಳಿತಳು. ಅವಳಜ್ಜನ ಮಂಜಿಯಲ್ಲಿ ವಾಂತಿ ಮಾಡದವರೇ ಇರಲಿಲ್ಲವಂತೆ.

ನಮ್ಮ ಬಾಲ್ಯದಲ್ಲಿ ಹರಿಗೋಲು ಇರಲಿಲ್ಲ, ಸೇತುವೆ ಇತ್ತು. ಆದರೆ ಬಟ್ಟೆ ಒಗೆಯುವ ನೆಪ ಇತ್ತು. ದೊಡ್ಡವರಾದ ಹೆಣ್ಣುಮಕ್ಕಳು ಹೊರಗೆ ಸುತ್ತುವಂತಿಲ್ಲ ಎನ್ನುತ್ತಿದ್ದ ಅಬ್ಬಾ ಕಂಬಳಿ ಒಗೆಯಲು ಹೊಳೆಗೆ ಹೋಗಬೇಡಿ ಎನ್ನುತ್ತಿರಲಿಲ್ಲ. ಅದಕ್ಕೇ ನಮ್ಮ ಮನೆಯ ಕಂಬಳಿಗಳು ಬಹಳ ಬೇಗ ಕೊಳೆಯಾಗುತ್ತಿದ್ದವು! ಬ್ರಾಹ್ಮಣರ ಬೀದಿಯ ಹುಡುಗಿಯರು, ಒಕ್ಕಲಿಗರ ಹೆಂಗಸರು, ನಾವು, ಎಲ್ಲರಿಗೂ ಒಂದೊಂದು ಕಲ್ಲು. ಕಲ್ಲಿನ ಜಾಗಕ್ಕೆ ಜಗಳವಾಗುತ್ತಿತ್ತು, ಸೋಪಿನ ತುಂಡು ಮಾತ್ರ ಕಲ್ಲಿನಿಂದ ಕಲ್ಲಿಗೆ ಹೋಗುತ್ತಿತ್ತು. ನಾವು ಮೊದಲ ಕಥೆ ಕಟ್ಟಿದ್ದು ಅಲ್ಲಿ ಕೇಳಿದ ಮಾತಿನಿಂದ. ಈಗ ಎಲ್ಲರ ಮನೆಯಲ್ಲೂ ವಾಷಿಂಗ್ ಮೆಷಿನ್ನು. ಕೈನೋವು ತಪ್ಪಿತು, ಅದು ದೊಡ್ಡದೇ. ಆದರೆ ಆ ಕಲ್ಲುಗಳ ಮಾತನ್ನು ಈಗ ಎಲ್ಲಿ ಆಡುತ್ತಾರೋ.

ಅರಕಲಗೂಡಿಗೆ ಹೋದದ್ದು ಫೆಬ್ರವರಿಯಲ್ಲಿ. ಅರ್ಕ ಎಂದರೆ ಸೂರ್ಯ, ಅರ್ಕೇಶ್ವರನ ಗುಡಿಯಿಂದ ಊರಿಗೆ ಆ ಹೆಸರು. ಕನ್ನಡದ ಅ.ನ.ಕೃ. ಅವರ ಮೊದಲ ಅಕ್ಷರ ಈ ಊರಿನದೇ, ಅರಕಲಗೂಡು ನರಸಿಂಗರಾವ್ ಕೃಷ್ಣರಾವ್. ದೊಡ್ಡಕೆರೆಯ ಬಳಿ ಕಡಲೆಕಾಯಿ ತಿಂದು ಖಾಲಾ ಮನೆಗೆ ನಡೆದೆವು. ಖಾಲಾ ಈ ಸಲ ದುಲ್ಹನ್‌ಗೆ ಬಾಳೆಹಣ್ಣು ಕೊಟ್ಟು ಬರಮಾಡಿಕೊಂಡರು. ಕೋತಿ ಎಂದು ನೆನಪಿಟ್ಟುಕೊಂಡೋ ಅಥವಾ ಸುಮ್ಮನೆಯೋ ಎಂದು ಈವರೆಗೂ ನಿರ್ಧಾರವಾಗಿಲ್ಲ.

ಈ ತಾಲ್ಲೂಕಿನ ನಿಜವಾದ ನೀರು ಊರಿನಿಂದಾಚೆ ಕಾವೇರಿಯಲ್ಲಿದೆ. ಕೊಣನೂರಿನ ತೂಗುಸೇತುವೆಯ ಮೇಲೆ ನಡೆದರೆ ಕೆಳಗೆ ಹೊಳೆ, ಕಾಲಡಿ ಹಲಗೆ ತೂಗುತ್ತದೆ. ದುಲ್ಹನ್ ಓಡಿದಳು, ನಾವು ಕಂಬಿ ಹಿಡಿದೇ ನಡೆದೆವು. ರಾಮನಾಥಪುರದ ವಹ್ನಿ ಪುಷ್ಕರಿಣಿಯಲ್ಲಿ ಮೀನುಗಳನ್ನು ಯಾರೂ ಹಿಡಿಯುವಂತಿಲ್ಲ. ಮೀನಿನ ಊರಿನಿಂದ ಬಂದವಳು ಆ ಮೀನುಗಳಿಗೆ ಪುರಿ ಹಾಕುತ್ತ, ‘ಇಷ್ಟು ದಪ್ಪ ಮೀನು ನಮ್ಮ ಉಮ್ಮ ನೋಡಿದರೆ ಸುಮ್ಮನಿರಲಿಕ್ಕಿಲ್ಲ’ ಎಂದು ಮೆಲ್ಲಗೆ ಹೇಳಿದಳು. ಹೊಳೆಯ ಪಕ್ಕದ ರುದ್ರಪಟ್ಟಣ ಸಂಗೀತಗಾರರ ಹಳ್ಳಿ. ತಂಬೂರಿಯ ಆಕಾರದಲ್ಲಿ ಒಂದು ಮಂದಿರವನ್ನೇ ಕಟ್ಟಿದ್ದಾರೆ. ಅಷ್ಟು ಚಿಕ್ಕ ಊರಿನಿಂದ ಅಷ್ಟು ವಿದ್ವಾಂಸರು ಹೇಗೆ ಬಂದರು ಎಂಬುದಕ್ಕೆ ಖಾಲಾ ಬಳಿ ಒಂದೇ ಉತ್ತರ: ‘ಕಾವೇರಿ ನೀರು.’ ಅವರಿಗೂ ಅದೇ ನೀರು ಸಿಕ್ಕಿದೆ, ಅವರ ದನಿ ಮಾತ್ರ ಹಾಗೇ ಇದೆ.

ಇದು ತಂಬಾಕಿನ ಸೀಮೆಯೂ ಹೌದು. ರಾಮನಾಥಪುರದಲ್ಲಿ ಹರಾಜು ಕಟ್ಟೆ ಇದೆ. ಹೊಲದ ನಡುವೆ ಎತ್ತರದ ಗೋಡೆಯ ಸಣ್ಣ ಸಣ್ಣ ಮನೆಗಳಂತೆ ಕಾಣುವವು ಬ್ಯಾರನ್ನುಗಳು, ಹಸಿ ಎಲೆಯನ್ನು ಬಿಸಿ ಮಾಡಿ ಹದಮಾಡುವ ಗೂಡುಗಳು. ಒಳ್ಳೆ ಬೆಲೆ ಬಂದ ವರ್ಷ ಮದುವೆಗಳು ಜಾಸ್ತಿ. ಬಾರದ ವರ್ಷ ಏನಾಗುತ್ತದೆ ಎಂಬುದು ಪತ್ರಿಕೆಗಳಲ್ಲಿ ಬರುತ್ತದೆ. ಬ್ಯಾರನ್ನಿನ ಬಾಯಿಗೆ ಸೌದೆ ಬೇಕು, ಸೌದೆಗೆ ಮರ ಬೇಕು. ಮರ ಹೋದ ದಿಬ್ಬದಿಂದ ಮಣ್ಣು ಇಳಿದು ಕೆರೆಯಲ್ಲಿ ಹೂಳಾಗುತ್ತದೆ. ಖಾಲಾ ಮಗನಿಗೂ ಎರಡು ಬ್ಯಾರನ್ನಿವೆ. ಅವನಿಗೆ ಇದನ್ನು ಹೇಳಿದರೆ, ‘ಕೆರೆ ಅಂಗಳದಲ್ಲಿ ಮನೆ ಕಟ್ಟಿಕೊಂಡೋರು ಹೇಳ್ತಾ ಇದ್ದೀರಾ ಆಪಾ?’ ಎಂದ. ಬಾಯಿ ಮುಚ್ಚಿಕೊಂಡೆವು.

ಅಮ್ಮಿ ಈ ಯಾವ ತಿರುಗಾಟಕ್ಕೂ ಬಂದಿರಲಿಲ್ಲ. ಮಂಡಿನೋವು ಎನ್ನುತ್ತಿದ್ದರು. 2025ರಲ್ಲಿ ರಂಜಾನ್ ಮುಗಿದು ಏಪ್ರಿಲ್ ಬಂದಾಗ, ಒಂದು ಬೆಳಿಗ್ಗೆ ತಾವೇ ದುಲ್ಹನ್‌ಳನ್ನು ಕರೆದು, ‘ಗೊರೂರಿಗೆ ಹೋಗಿಬರೋಣ, ನೀರು ಇಳಿದಿರುತ್ತೆ’ ಎಂದರು. ತಮ್ಮ ಕಾರು ತೆಗೆದ.

ಗೊರೂರು ಎಂದರೆ ಓದುಗರಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರು ನೆನಪಾಗುತ್ತಾರೆ. ಅವರ ಹಳ್ಳಿಯ ಚಿತ್ರಗಳ ಹೇಮಾವತಿ ತೆಳ್ಳನೆಯ ಹೊಳೆ. 1979ರಲ್ಲಿ ಅಣೆಕಟ್ಟೆ ಮುಗಿದು ಅದು ಕಡಲಾಯಿತು. ನೀರಿನ ಗರಿಷ್ಠ ಮಟ್ಟ 2922 ಅಡಿ, ಹಿಡಿಯುವುದು 37 ಟಿಎಂಸಿಗೂ ಮೇಲೆ. ಹಾಸನ, ತುಮಕೂರು, ಮಂಡ್ಯದ ಹೊಲಗಳು ಅದನ್ನು ಕುಡಿಯುತ್ತವೆ. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಜಗತ್ತಿಗೆ ಗೊತ್ತಿರುವುದು ಶೆಟ್ಟಿಹಳ್ಳಿಯ ಚರ್ಚು ಮಾತ್ರ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ನೀರಿನಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ಮತ್ತೆ ನೆಲದ ಮೇಲೆ ನಿಲ್ಲುತ್ತದೆ. ಛಾವಣಿ ಇಲ್ಲ, ಕಮಾನುಗಳಿವೆ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಬೆಂಗಳೂರಿನಿಂದ ಬರುತ್ತಾರೆ.

ಅಮ್ಮಿ ಚರ್ಚಿನ ಕಡೆ ನೋಡಲಿಲ್ಲ. ಕಾರನ್ನು ಇನ್ನಷ್ಟು ಮುಂದೆ, ಮಣ್ಣುದಾರಿಯಲ್ಲಿ ಒಯ್ಯಲು ಹೇಳಿದರು. ಇಳಿದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದರು. ಒಣಗಿ ಬಿರುಕುಬಿಟ್ಟ ಕೆಸರು, ಅದರಾಚೆ ನೀರು, ನೀರಿನ ನಡುವೆ ಉದ್ದಕ್ಕೆ ಒಂದು ಮಣ್ಣಿನ ಬೆನ್ನು. ‘ಅದು ನಮ್ಮ ಕೆರೆಯ ಏರಿ’ ಎಂದರು. ದುಲ್ಹನ್‌ಗೆ ಅರ್ಥವಾಗಲಿಲ್ಲ, ನೀರಿನೊಳಗೆ ಕೆರೆಯೇ? ಹೌದು. ಅವರ ಹಳ್ಳಿಗೂ ಒಂದು ಕೆರೆ ಇತ್ತು. ಊರಿನ ಜೊತೆ ಅದೂ ಮುಳುಗಿತು. ಏರಿಯ ಬಲತುದಿಯಿಂದ ಮೂಡಣಕ್ಕೆ ಇಪ್ಪತ್ತು ಮಾರು ಹೋದರೆ ಖಬರಸ್ತಾನ್. ಅಲ್ಲಿ ನಮ್ಮ ನಾನಾ ಇದ್ದಾರೆ. ಅಮ್ಮಿಗೆ ಹತ್ತು ವರ್ಷವಾಗಿದ್ದಾಗ ಹೋದವರು. ಪರಿಹಾರದ ಲೆಕ್ಕದಲ್ಲಿ ಮನೆ, ಹೊಲ, ಮಾವಿನ ಮರ ಬಂದವು. ಗೋರಿಗಳು ಬರಲಿಲ್ಲ. ನಾನಿ ಮಕ್ಕಳನ್ನು ಕರೆದುಕೊಂಡು ಅರಕಲಗೂಡಿನ ತಮ್ಮನ ಮನೆ ಸೇರಿದರು. ಹಾಸನದ ಕೆರೆಯಂಗಳದಲ್ಲಿ ನಾವು ಮನೆ ಕಟ್ಟಿದಾಗ ಗೃಹಪ್ರವೇಶಕ್ಕೆ ಬಂದ ಅಮ್ಮಿ ಹೊಸಿಲ ಬಳಿ ತುಸು ಹೊತ್ತು ಸುಮ್ಮನೆ ನಿಂತದ್ದು ಯಾಕೆಂದು ನಮಗೆ ಆಗ ತಿಳಿದಿರಲಿಲ್ಲ. ‘ನೀರಿಗೆ ಜಾಗ ಬಿಟ್ಟುಕೊಟ್ಟ ಮನೆತನ ನಮ್ಮದು. ನೀವು ಅದರ ಜಾಗದಲ್ಲೇ ಕೂತಿದ್ದೀರಿ’ ಎಂದು ಆ ದಿನ ಹಿನ್ನೀರಿನ ದಡದಲ್ಲಿ ಹೇಳಿದರು. ಬೈದಂತಿರಲಿಲ್ಲ. ಲೆಕ್ಕ ಹೇಳಿದಂತಿತ್ತು.

ಸೆರಗು ತಲೆಗೆಳೆದುಕೊಂಡು ಅಮ್ಮಿ ಕೈಯೆತ್ತಿ ಫಾತಿಹಾ ಓದಿದರು. ನಾವೂ ಓದಿದೆವು. ಗಾಳಿಗೆ ನೀರಿನ ಮೇಲೆ ಸಣ್ಣ ಅಲೆ ಬರುತ್ತಿತ್ತು. ದುಲ್ಹನ್ ಚಪ್ಪಲಿ ಬಿಟ್ಟು ಕೆಸರಿಗಿಳಿದು, ಬಾಗಿ ನೀರು ಮುಟ್ಟಿ ಬಂದಳು. ಅಮ್ಮಿಯ ಕೈಹಿಡಿದು ದಡ ಹತ್ತಿಸುವಾಗ ‘ಮಂಗಳೂರಿಗೆ ಬನ್ನಿ ಮಾಮಿ, ಈ ನೀರೆಲ್ಲ ಕೊನೆಗೆ ಎಲ್ಲಿಗೆ ಬರುತ್ತೆ ಅಂತ ತೋರಿಸ್ತೇನೆ’ ಎಂದಳು. ಹೇಮಾವತಿ ಹೋಗುವುದು ಮೂಡಣ ಕಡಲಿಗೆ, ಮಂಗಳೂರಿಗಲ್ಲ. ನಾವು ತಿದ್ದಲು ಬಾಯಿ ತೆರೆದವರು ತಮ್ಮನ ಮುಖ ನೋಡಿ ಸುಮ್ಮನಾದೆವು.

ದಾರಿಯಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಹುಡುಗರು ಚರ್ಚಿಗೆ ದಾರಿ ಕೇಳಿದರು. ಕಿಟಕಿ ಇಳಿಸಿ ದುಲ್ಹನ್ ಹೇಳಿದಳು: ‘ನೇರ ಹೋಗಿ ಎಡಕ್ಕೆ ತಿರುಗಿ. ಗಾಡಿ ಮೇಲೆಯೇ ನಿಲ್ಲಿಸಿ, ಕೆಳಗೆ ಕೆಸರು ಉಂಟು.’ ಅವರು ಈ ಊರಿನವರಾ ನೀವು ಎಂದು ಕೇಳಿದರು. ‘ಹೌದು’ ಎಂದಳು.

ಆ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ದೀಪಾ ಭಾಸ್ತಿಯವರ ಜೊತೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಊರಿಗೆ ಹೊಸಬರು ಬರುವುದು ಹೆಚ್ಚಾಯಿತು, ಕ್ಯಾಮೆರಾ ಹಿಡಿದವರು, ಪುಸ್ತಕ ಹಿಡಿದವರು. ಒಬ್ಬರು ನಮ್ಮ ಮನೆಗೂ ಬಂದು, ಹಾಸನದಲ್ಲಿ ನೋಡುವಂಥದ್ದೇನಿದೆ ಎಂದು ಕೇಳಿದರು. ದುಲ್ಹನ್ ಅವರನ್ನು ಕಟ್ಟಿನಕೆರೆಗೆ ಕರೆದುಕೊಂಡು ಹೋಗಿದ್ದಾಳೆ. ನಾವು ಹಿತ್ತಲ ಬಾಗಿಲಿಗೆ ಒಂದು ಮೆಟ್ಟಿಲು ಎತ್ತರ ಮಾಡಿಸುತ್ತಿದ್ದೆವು. ಗಾರೆಯವನು ಕೈಯಲ್ಲಿ ಅಳತೆ ತೋರಿಸಿ, ‘ಅಮ್ಮಾ, ಇನ್ನೊಂದು ವರಸೆ ಇಟ್ಟಿಗೆ ಹಾಕೋಣ, ಮುಂಗಾರು ಬೇಗ ಬರೋ ಹಾಗಿದೆ’ ಎಂದ.